ಅಕ್ಕ ಒತ್ತದ ಸೀಲು

ಅಕ್ಕನ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧವನ್ನು ಸೋಲ್ಡರಿಂಗ್ ಐರನ್ನಿನ ಬಿಸಿ ಎಂದೋ ತಿಂದುಹಾಕಿತ್ತು. ಬೆಸುಗೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ನೋಡಲು ನಮಗೆಲ್ಲ ಭೂತಗನ್ನಡಿ ಬೇಕು. ಅಕ್ಕ ಆ ಮೊಂಡು ಹೆಬ್ಬೆರಳನ್ನು ಸರ್ಕ್ಯೂಟ್ ಬೋರ್ಡಿನ ಮೇಲೆ ಮೆಲ್ಲಗೆ ಆಡಿಸಿ, "ಇಲ್ಲೊಂದು ಸಡಿಲ ಐತೆ ನೋಡು" ಎಂದುಬಿಡುತ್ತಿದ್ದರು. ನೋಡಿದರೆ ಇದ್ದೇ ಇರುತ್ತಿತ್ತು.

ಪೀಣ್ಯದಲ್ಲಿ ಲೇತ್ ಮಷಿನ್ ಶೆಡ್ಡುಗಳ ನಡುವೆ ನಮ್ಮದೊಂದು ಸಣ್ಣ ಯೂನಿಟ್. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಆಸ್ಪತ್ರೆಯಲ್ಲಿ ಬೆಚ್ಚಗಿಡುವ ವಾರ್ಮರ್‌ಗಳಿಗೆ ಕಂಟ್ರೋಲ್ ಬೋರ್ಡ್ ಮಾಡಿಕೊಡುತ್ತಿದ್ದೆವು. ಕೂಸಿನ ಮೈ ಕಾದರೆ ಹೀಟರ್ ಆರಿಸುವುದು, ತಣ್ಣಗಾದರೆ ಹೊತ್ತಿಸುವುದು, ಅಷ್ಟೇ ಆ ಬೋರ್ಡಿನ ಕೆಲಸ. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ, ಚಿಕ್ಕಬಾಣಾವರದಿಂದ ಬರುತ್ತಿದ್ದ ಅವರು ಹದಿನೆಂಟು ವರ್ಷದಿಂದ ಅಲ್ಲಿದ್ದರು, ಇನ್‌ಸ್ಪೆಕ್ಷನ್ ಟೇಬಲ್ಲಿನ ಒಡತಿ. ಓದಿದ್ದು ಏಳನೇ ಕ್ಲಾಸು. ನಾನು ಡಿಪ್ಲೊಮಾ ಮುಗಿಸಿ, ಕಂಪ್ಯೂಟರ್ ಬರುತ್ತದೆಂಬ ಕೊಬ್ಬನ್ನೂ ಜೊತೆಗೇ ತಂದವಳು.

ಚಿಪ್ಪಿಗೆ ಪ್ರೋಗ್ರಾಂ ತುಂಬುವುದು ನನ್ನ ಕೆಲಸ. ಪ್ರೋಬ್ ಎಂಬ ಅಂಗೈಯಗಲದ ಪೆಟ್ಟಿಗೆಯ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ಬೋರ್ಡಿಗೆ. ಕಂಪ್ಯೂಟರಿಗೆ ನಾನು ಬರೆದ ಆಜ್ಞೆಗಳ ಸ್ಕ್ರಿಪ್ಟ್ ಮೊದಲು ಚಿಪ್ಪು ಯಾವ ಜಾತಿಯದೆಂದು ಹೇಳುವ ಗುರುತಿನ ನಂಬರ್ ಕೇಳುತ್ತಿತ್ತು. ಅದು ಪಟ್ಟಿಯಲ್ಲಿದ್ದರೆ ಪ್ರೋಗ್ರಾಂ ತುಂಬುತ್ತಿತ್ತು, ಇಲ್ಲದಿದ್ದರೆ ನಿಲ್ಲುತ್ತಿತ್ತು. ಅದೆಲ್ಲ ಆದ ಮೇಲೂ ಅಕ್ಕನದೊಂದು ಪದ್ಧತಿ. ಪರದೆಯ ಮೇಲೆ ಬಂದ ನಂಬರನ್ನು ನಾನು ಗಟ್ಟಿಯಾಗಿ ಕೂಗಬೇಕು. ತಮ್ಮ ನೋಟ್‌ಬುಕ್ಕಿನಲ್ಲಿದ್ದ ನಂಬರನ್ನು ಅವರು ತಿರುಗಿ ಕೂಗಬೇಕು. ಎರಡೂ ಒಂದಾದರೆ ಮಾತ್ರ ಬೋರ್ಡಿನ ಮೇಲೆ ಪಾಸಾಯಿತೆಂಬ ಅಕ್ಕನ ಸೀಲು.

"ಸ್ಕ್ರಿಪ್ಟೇ ನೋಡ್ಕೊಳ್ಳುತ್ತೆ ಅಕ್ಕಾ, ಹರಾಜು ಹಾಕೋರ ಥರ ಕೂಗೋದ್ಯಾಕೆ?" ಎಂದು ಗೇಲಿ ಮಾಡುತ್ತಿದ್ದೆ.

"ಕಣ್ಣು ಓಡ್ಕಂಡು ಓದ್ತದೆ ಕಣವ್ವ. ಬಾಯಿ ನಿಂತ್ಕಂಡು ಓದ್ತದೆ" ಎನ್ನುತ್ತಿದ್ದರು. ಕೂಗದೆ ಬಿಡುತ್ತಿರಲಿಲ್ಲ.

ಒಂದು ವರ್ಷ ಚಿಪ್ಪುಗಳಿಗೆ ಬರ ಬಂತು. ಮಾಲೀಕರು, ಅಂದರೆ ನಮ್ಮ ಸಾರ್, ಎಲ್ಲೋ ಹೊಸ ಸಪ್ಲೈಯರ್ ಹಿಡಿದು ತರಿಸಿದರು. ಅವುಗಳಲ್ಲಿ ಮೊದಲನೆಯದಕ್ಕೇ ಸ್ಕ್ರಿಪ್ಟ್ ನಿಂತುಹೋಯಿತು. ಪರದೆಯ ಮೇಲೆ ಕೆಂಪಕ್ಷರ: ಅನ್‌ನೋನ್ ಡಿವೈಸ್, ಅಂದರೆ ಗುರುತಿಲ್ಲದ ಚಿಪ್ಪು. ಎರಡನೆಯದೂ ಅದೇ, ಮೂರನೆಯದೂ ಅದೇ. ನಾನು ಸ್ಕ್ರಿಪ್ಟಿನ ಸಾಲುಗಳನ್ನು ಕೆದಕುತ್ತ ಕೂತಿದ್ದಾಗ ಅಕ್ಕ ಬಂದು ನಿಂತರು.

"ಮೊದ್ಲು ಬೋರ್ಡ್‌ಗೆ ಕರೆಂಟ್ ಬರ್ತಾ ಐತಾ ನೋಡು. ಆಮೇಕೆ ಗ್ರೌಂಡ್ ವೈರ್ ನೋಡು. ನಿನ್ನ ಬುದ್ಧಿವಂತಿಕೆ ಕಡೇಗಿರ್ಲಿ."

ಕರೆಂಟ್ ಇತ್ತು. ಗ್ರೌಂಡ್ ವೈರ್ ಸಡಿಲವಿತ್ತು, ಬಿಗಿ ಮಾಡಿದೆ. ಆದರೂ ಕೆಂಪಕ್ಷರ ಹೋಗಲಿಲ್ಲ. "ಜೋರಾಗಿ ಮಾತಾಡಿಸಿದ್ರೆ ಗಾಬರಿ ಬೀಳ್ತವೆ, ಸ್ಪೀಡ್ ಕಮ್ಮಿ ಮಾಡು" ಎಂದರು. ಕಮ್ಮಿ ಮಾಡಿದೆ. ಚಿಪ್ಪು ಬಾಯಿಬಿಟ್ಟಿತು. ಆದರೆ ಅದು ಹೇಳಿದ ನಂಬರ್ ನನ್ನ ಪಟ್ಟಿಯಲ್ಲಿರಲಿಲ್ಲ, ಅಕ್ಕನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಅಕ್ಕ ಭೂತಗನ್ನಡಿ ಹಿಡಿದು ಚಿಪ್ಪಿನ ತಲೆ ನೋಡಿದರು. "ಮೇಲೆ ಒಂದು ಬರ್ದೈತೆ, ಒಳಗೆ ಇನ್ನೊಂದು ಏಳ್ತಾ ಐತೆ. ಪಕ್ಕಕ್ಕಿಡು ಇವನ್ನ. ಸಾರ್‌ಗೆ ಏಳ್ಬುಡು."

ಹೇಳಬೇಕಿತ್ತು. ಆದರೆ ಬೆಳಿಗ್ಗೆಯಷ್ಟೇ ಸಾರ್ ಹತ್ತಿರ, ಪ್ರೋಬಿನದೇನೋ ತಕರಾರು, ಸರಿ ಮಾಡ್ತೀನಿ ಎಂದು ಜಂಬದಿಂದ ಹೇಳಿಬಂದಿದ್ದೆ. ಮಾರನೆಯ ದಿನವೇ ಬೋರ್ಡುಗಳು ಮಾಕಳಿಯ ವಾರ್ಮರ್ ಕಂಪನಿಗೆ ಹೋಗಬೇಕಿತ್ತು. ಸ್ಕ್ರಿಪ್ಟಿನಲ್ಲಿ ನಂಬರ್ ಗೊತ್ತಿಲ್ಲದಿದ್ದರೆ ನಿಲ್ಲು ಎಂಬ ಸಾಲಿತ್ತಲ್ಲ, ಅದನ್ನು ತೆಗೆದೆ. ಯಾವ ನಂಬರ್ ಬಂದರೂ ನಮ್ಮದೇ ಚಿಪ್ಪು ಎಂದುಕೊಂಡು ಮುಂದೆ ಹೋಗು ಎಂದು ಬರೆದೆ. ನಲವತ್ತು ಬೋರ್ಡೂ ಒಂದರ ಹಿಂದೆ ಒಂದು ಪಾಸಾದವು. ನನಗೆ ಏನೋ ಗೆದ್ದೆನೆಂಬ ಹಿಗ್ಗು.

ಅಕ್ಕ ಸೀಲು ಮುಟ್ಟಲಿಲ್ಲ. "ಅದು ನಾನವನಲ್ಲ ಅಂತೈತೆ. ನೀನು, ಇಲ್ಲ ನೀನವನೇ ಅಂತ ಬಾಯಿ ಮುಚ್ಚಿಸಿದ್ದೀಯ. ನಾನು ಒತ್ತಾಕಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಏಳನೇ ಕ್ಲಾಸಿನವರು ನನ್ನ ಕೆಲಸ ತಡೆಯುವುದೇ! ಮಾರನೆಯ ದಿನ ಅಕ್ಕ ಕಣ್ಣು ತೋರಿಸಿಕೊಳ್ಳಲು ಅರ್ಧ ದಿನ ರಜೆ ಹಾಕಿದ್ದರು. ಅವರು ತಮ್ಮ ಡ್ರಾಯರಿಗೆ ಎಂದೂ ಬೀಗ ಹಾಕಿದವರಲ್ಲ. ನಾನೇ ಸೀಲು ತೆಗೆದು ನಲವತ್ತಕ್ಕೂ ಒತ್ತಿ, ಮೊದಲಿದ್ದಂತೆ ಇಟ್ಟೆ. ಅವರು ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಸಾರ್ ಒಪ್ಪಿ ಕಳಿಸಿದರು ಎಂದು ಅವರಿಗೆ ಸುಳ್ಳು ಹೇಳಿದೆ.

ವಾರದೊಳಗೆ ಮಾಕಳಿಯಿಂದ ಫೋನ್ ಬಂತು. ಅವರು ಪರೀಕ್ಷೆಗೆಂದು ವಾರ್ಮರ್ ಹಚ್ಚಿಟ್ಟಿದ್ದರು. ಆ ಚಿಪ್ಪು ಬಿಸಿಯೇರಿದಷ್ಟೂ ತಣ್ಣಗಿದೆ ಎಂದು ಲೆಕ್ಕ ಹಾಕಿ, ಹೀಟರ್ ಆರಿಸದೆ, ಕೂಸು ಮಲಗಿಸುವ ತಟ್ಟೆಯೇ ಬಾಗುವಂತೆ ಕಾಯಿಸಿತ್ತು. ಅದರಲ್ಲಿ ಯಾವ ಕೂಸನ್ನೂ ಇನ್ನೂ ಮಲಗಿಸಿರಲಿಲ್ಲ. 

ಸಾರ್ ಒಂದು ಬೋರ್ಡನ್ನು ಎಲ್ಲರೆದುರು ಟೇಬಲ್ ಮೇಲಿಟ್ಟರು. "ಇದು ನಿಮ್ಮ ಸೀಲು ತಾನೇ?"

ಅಕ್ಕ ಅದನ್ನು ತಿರುಗಿಸಿ ಬಹಳ ಹೊತ್ತು ನೋಡಿದರು. "ಸೀಲು ನಂದೇ ಸಾರ್" ಎಂದರು. ಬೋರ್ಡನ್ನು ತಿರುಗಿ ಟೇಬಲ್ ಮೇಲಿಟ್ಟರು.

ಸಾರ್ ನನ್ನತ್ತ ತಿರುಗಿದರು. ತೆಗೆದಿದ್ದ ಸಾಲನ್ನು ನಾನು ಅಷ್ಟರಲ್ಲಿ ಸದ್ದಿಲ್ಲದೆ ವಾಪಸ್ ಹಾಕಿಬಿಟ್ಟಿದ್ದೆ. "ಸ್ಕ್ರಿಪ್ಟ್ ಒಂದೊಂದ್ಸಲ ತಪ್ಪುತ್ತೆ ಸಾರ್. ಅದಕ್ಕೇ ಅಲ್ವಾ ಇನ್‌ಸ್ಪೆಕ್ಷನ್ ಇರೋದು" ಎಂದೆ. ಈ ಮಾತು ಆಡಿದ್ದು ನಾನೇ.

ಅಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ಮೂರು ವರ್ಷ ಅವರು ರಟ್ಟಿನ ಡಬ್ಬಗಳಿಗೆ ಟೇಪ್ ಅಂಟಿಸಿದರು. ಮಧ್ಯಾಹ್ನ ಊಟಕ್ಕೆ ಮಾತ್ರ ಎಂದಿನಂತೆ ಕರೆಯುತ್ತಿದ್ದರು, ಮುದ್ದೆ ಮುರಿದು ನನ್ನ ತಟ್ಟೆಗೂ ಹಾಕುತ್ತಿದ್ದರು. ಬೇಡ ಎನ್ನಲು ಆಗುತ್ತಿರಲಿಲ್ಲ. ಟೇಬಲ್ ಮುಂದೆ ಹೊಸಬರು ಬಂದರು. ಅವರಿಗೆ ಕೂಗುವ ಅಭ್ಯಾಸ ಇರಲಿಲ್ಲ. ನಾನೊಬ್ಬಳೇ ನಂಬರ್ ಕೂಗಿಕೊಂಡು ಕೆಲಸ ಮಾಡುತ್ತಿದ್ದೆ, ಸುತ್ತಲಿನವರು ನಗುತ್ತಿದ್ದರು.

ಆಮೇಲೆ ಕಿಡ್ನಿ ಕೈಕೊಟ್ಟು ಅಕ್ಕ ಹಾಸಿಗೆ ಹಿಡಿದರು. ಒಂದು ಭಾನುವಾರ ಚಿಕ್ಕಬಾಣಾವರದ ಮನೆಗೆ ಹೋಗಿ, ಮಂಚದ ಪಕ್ಕ ಕೂತು, ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ.

"ಗೊತ್ತು ಕಣವ್ವ. ನಾನು ಸೀಲನ್ನ ಮೂಲೆಗೆ ಒತ್ತೋಳು. ಅದು ನಡುಮಧ್ಯ ಇತ್ತು."

"ಮತ್ತೆ ಅವತ್ತೇ ಯಾಕಕ್ಕಾ ಹೇಳ್ಲಿಲ್ಲ?"

"ನೀನು ಏಳ್ತೀಯ ಅಂತ ಕಾದೆ. ಅವತ್ತು ಕಾದೆ, ಆ ವಾರ ಕಾದೆ. ಆಮೇಕೆ ಕಾಯೋದೇ ಅಭ್ಯಾಸ ಆಗೋಯ್ತು." ನನ್ನ ಕಡೆ ಹೊರಳಿದರು. "ನನ್ತಾವ ಏಳಿದ್ರೆ ಏನ್ ಬಂತು? ಸಾರ್‌ಗೆ ಏಳು. ನಾನಿರೋವಾಗ್ಲೇ ಏಳು."

ನಾಳೆಯೇ ಹೇಳ್ತೀನಿ ಎಂದು ಕೈ ಹಿಡಿದು ಬಂದೆ. ಸೋಮವಾರ ಸಾರ್ ಊರಲ್ಲಿರಲಿಲ್ಲ. ಮಂಗಳವಾರ ಇದ್ದರು, ನನಗೆ ಧೈರ್ಯವಿರಲಿಲ್ಲ. ಬುಧವಾರ ಕ್ಯಾಬಿನ್ನಿನ ಬಾಗಿಲವರೆಗೆ ಹೋಗಿ ಬಂದೆ. ಗುರುವಾರ ಅಕ್ಕ ಹೋದರು.

ಶುಕ್ರವಾರ ಬೆಳಿಗ್ಗೆ ಕ್ಯಾಬಿನ್ನಿಗೆ ಹೋಗಿ ಒಂದೂ ಬಿಡದೆ ಹೇಳಿದೆ: ತೆಗೆದ ಸಾಲು, ಕದ್ದು ಒತ್ತಿದ ಸೀಲು, ಎಲ್ಲರೆದುರು ಆಡಿದ ಮಾತು. ಕೆಲಸದಿಂದ ತೆಗೆಯಲಿ ಎಂದೇ ಹೋಗಿದ್ದೆ. ಸಾರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಆಮೇಲೆ ಒಂದೇ ಮಾತು ಕೇಳಿದರು.

"ಮೊನ್ನೆವರೆಗೂ ಇದ್ರಲ್ಲಮ್ಮ ಅವ್ರು?"