ಕೆಂಪಿಗೆ ಕೆಂಪು, ಹಸಿರಿಗೆ ಹಸಿರು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಹಂಗಾಮಿ ನೌಕರಿ. ಇಡೀ ಕಚೇರಿಗೆ ನಾನೊಬ್ಬಳೇ ಹೆಂಗಸು, ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಶ್ರೀರಾಂಪುರದ ಕಡೆಯ ಒಂದು ಕೆರೆಯ ಏರಿಯನ್ನು ಎತ್ತರಿಸುವ ಕೆಲಸ ನಡೆದಿತ್ತು. ಅದರಿಂದ ಕುರಿ ಸಾಕುವವರ ಒಂದು ಹಟ್ಟಿ ನೀರಿನ ಪಾಲಾಗುತ್ತಿತ್ತು. ಆ ಜನಕ್ಕೆ ತಾಳ್ಯದ ಹತ್ತಿರದ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೊಡಬೇಕಿತ್ತು. ಅಲ್ಲಿ ರಸ್ತೆಯ ಮೂಡಲಿಗೊಂದು ತುಂಡು, ಪಡುವಲಿಗೊಂದು ತುಂಡು. ಒಂದು ದಿಬ್ಬ, ಇನ್ನೊಂದು ತಗ್ಗು.

ನಮ್ಮ ಇಂಜಿನಿಯರ್ ಸಾಹೇಬರು ಆಗಷ್ಟೇ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಬಂದಿದ್ದರು. ಅಲ್ಲಿನ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಇತ್ತು. ನೆಲದ ಎತ್ತರಗಳನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟರೆ ಆ ಯಂತ್ರ ಲೆಕ್ಕ ಹಾಕಿ, ಪೆನ್ನು ಹಿಡಿದು, ಒಂದೇ ಜಾಗದ ಎರಡು ಚಿತ್ರ ಎಳೆಯುತ್ತಿತ್ತು. ಎಡಗಣ್ಣಿಗೆ ಕಂಡಂತೆ ಒಂದು, ಬಲಗಣ್ಣಿಗೆ ಕಂಡಂತೆ ಇನ್ನೊಂದು. ಎರಡನ್ನೂ ಒಂದೇ ಹಾಳೆಯ ಮೇಲೆ ಎರಡು ಬಣ್ಣದಲ್ಲಿ ಬರೆದು, ಎಡಕ್ಕೆ ಕೆಂಪು ಬಲಕ್ಕೆ ಹಸಿರು ಪಾರದರ್ಶಕ ಕಾಗದ ಅಂಟಿಸಿದ ರಟ್ಟಿನ ಕನ್ನಡಕದಲ್ಲಿ ನೋಡಿದರೆ ನೆಲ ಹಾಳೆಯಿಂದ ಎದ್ದು ನಿಲ್ಲುತ್ತಿತ್ತು.

ಯಂತ್ರ ಕಪ್ಪು ಗೆರೆಯಲ್ಲಿ ಎಳೆದ ಚಿತ್ರಗಳು ಬಸ್ಸಿನಲ್ಲಿ ಬಂದವು. ಎರಡನ್ನೂ ಬಣ್ಣದ ಇಂಕಿನಲ್ಲಿ ಒಂದೇ ಹಾಳೆಗೆ ಇಳಿಸುವುದು ನನ್ನ ಕೆಲಸ. ಎಡಗಣ್ಣಿನ ಚಿತ್ರಕ್ಕೆ ಕೆಂಪು ಇಂಕು ಹಾಕಿದೆ, ಬಲಗಣ್ಣಿನದಕ್ಕೆ ಹಸಿರು. ಕೆಂಪು ಕಾಗದದ ಕಣ್ಣಿಗೆ ಕೆಂಪು ಗೆರೆ, ಹಸಿರಿಗೆ ಹಸಿರು. ಇದರಲ್ಲಿ ಯೋಚನೆ ಮಾಡುವಂಥದ್ದೇನಿದೆ ಅನ್ನಿಸಿತ್ತು. ಕನ್ನಡಕ ಹಾಕಿ ನೋಡಿದಾಗ ಪಡುವಲ ತುಂಡು ರೊಟ್ಟಿಯ ಹಾಗೆ ಉಬ್ಬಿ ನಿಂತಿತ್ತು. ನನ್ನ ಕೈಯಿಂದ ಇಂಥದ್ದು ಬಂತಲ್ಲ ಎಂದು ಅಳುವಷ್ಟು ಸಂತೋಷವಾಯಿತು. ಸಾಹೇಬರು ಕಂಡ ಕಂಡವರನ್ನೆಲ್ಲ ಕರೆದು ತೋರಿಸಿದರು. ಎತ್ತರದ ಅಂಕಿಗಳಿದ್ದ ಹಳೆಯ ನಕ್ಷೆಯನ್ನು ಮತ್ತೆ ಯಾರೂ ಬಿಚ್ಚಲಿಲ್ಲ. ಪಡುವಲ ದಿಬ್ಬದಲ್ಲೇ ಮನೆ ಎಂದು ತೀರ್ಮಾನವಾಯಿತು.

ವಾರ ಕಳೆದ ಮೇಲೆ ಆ ಹಟ್ಟಿಯ ಹಿರಿಯ ಬಂದ. ಭುಜದ ಮೇಲೆ ಕಂಬಳಿ, ಕಚೇರಿಯ ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದ. ನಾನು ಹೆಮ್ಮೆಯಿಂದ ಕನ್ನಡಕ ಕೊಟ್ಟೆ. ಅವನು ಬಹಳ ಹೊತ್ತು ನೋಡಿದ.

"ಇದು ರಸ್ತೆ ಅಲ್ಲೇನ್ರಿ ಅಮ್ಮಾ?"

"ಹೌದು, ರಸ್ತೆ."

"ಹಂಗಾರೆ ಇದು ತಪ್ಪೈತೆ. ಈ ಪಡುವಲ ಕಡೀಗೆ ತಗ್ಗು ಐತೆ. ಬ್ಯಾಸಿಗೇಲಿ ನಾವು ಕುರಿ ಹೊಡ್ಕಂಡು ಹೋಗ್ತೀವಲ್ಲ, ಅಲ್ಲೇ ನೀರು ಕುಡಿಸೋದು. ಮಳೆ ಹಿಡಿದ್ರೆ ಆಳುದ್ದ ನಿಂತ್ಕಂತೈತೆ."

ನನಗೆ ರೇಗಿತು. "ಕನ್ನಡಕ ನೆಟ್ಟಗೆ ಹಾಕ್ಕೊಳ್ರಿ. ಬೆಂಗಳೂರಿನ ಯಂತ್ರ ಹಾಕಿದ ಲೆಕ್ಕ ಇದು" ಎಂದೆ.

ಅವನು ಕನ್ನಡಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಇರಬೋದು ಬಿಡ್ರಿ. ನಾವು ಓದ್ದೋರಲ್ಲ" ಎಂದು ಹೊರಟುಹೋದ.

ಅವನು ಹೋದ ಮೇಲೆ ಚಿತ್ರವನ್ನು ಮತ್ತೆ ಎತ್ತಿಕೊಂಡೆ. ಬಲಗಣ್ಣು ಮುಚ್ಚಿ ಎಡಗಣ್ಣಿನ ಕೆಂಪು ಕಾಗದದಲ್ಲಿ ನೋಡಿದೆ. ಕೆಂಪು ಗೆರೆ ಒಂದೂ ಇರಲಿಲ್ಲ. ಬಿಳಿ ಹಾಳೆಯೇ ಕೆಂಪಾಗಿ ಕಾಣುವಾಗ ಕೆಂಪು ಗೆರೆ ಕಾಣುವುದಾದರೂ ಹೇಗೆ? ಹಸಿರು ಗೆರೆಗಳು ಮಾತ್ರ ಕಪ್ಪಗೆ ಕುಳಿತಿದ್ದವು. ಎಡಗಣ್ಣು ಬಲಗಣ್ಣಿನ ಚಿತ್ರ ನೋಡುತ್ತಿತ್ತು, ಬಲಗಣ್ಣು ಎಡಗಣ್ಣಿನದನ್ನು. ಕಣ್ಣುಗಳು ಅದಲುಬದಲಾದರೆ ತಗ್ಗು ದಿಬ್ಬವಾಗುತ್ತದೆ, ದಿಬ್ಬ ತಗ್ಗಾಗುತ್ತದೆ. ಯಂತ್ರದ ತಪ್ಪು ಏನೂ ಇರಲಿಲ್ಲ.

ಆಗಲೇ ಎದ್ದು ಹೋಗಿ ಸಾಹೇಬರಿಗೆ ಹೇಳಬೇಕಿತ್ತು. ಹೇಳಲಿಲ್ಲ. ನೌಕರಿ ಖಾಯಂ ಮಾಡುವ ಕಾಗದ ಅದೇ ತಿಂಗಳು ಮೇಲಕ್ಕೆ ಹೋಗುವುದಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡೇ ಎಂಟು ದಿನ ತಳ್ಳಿದೆ. ಒಂಬತ್ತನೆಯ ದಿನ ಬಾಯಿಬಿಟ್ಟಾಗ ಆದೇಶಕ್ಕೆ ಸಹಿ ಬಿದ್ದಿತ್ತು.

ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕವನ್ನು ತಿರುಗಿಸಿ, ಕೆಂಪು ಬಲಕ್ಕೆ ಬರುವಂತೆ ಹಿಡಿದು ಚಿತ್ರ ನೋಡಿದರು. "ಹೀಗೆ ನೋಡಿದರೆ ಚಿತ್ರ ಸರಿಯಾಗಿಯೇ ಇದೆಯಲ್ಲ. ಕನ್ನಡಕ ಹಾಕುವ ಕ್ರಮವನ್ನು ಅಡಿಯಲ್ಲಿ ಬರೆದುಬಿಡಿ" ಎಂದರು.

"ಜಾಗ ಸರ್? ಮನೆ ಕಟ್ಟುವ ಜಾಗ?"

"ಹಕ್ಕುಪತ್ರ ತಯಾರಾಗಿದೆ. ಈಗ ಏನೂ ಮಾಡಕ್ಕಾಗಲ್ಲ. ನೀವು ತಲೆ ಕೆಡಿಸ್ಕೋಬೇಡಿ."

ಅವರು ಹೇಳಿದಂತೆ ಚಿತ್ರದ ಅಡಿಯಲ್ಲಿ ಒಂದು ಸಾಲು ಬರೆದೆ. ಚಿತ್ರ ಸರಿಯಾಯಿತು. ಆದೇಶ ಹಾಗೇ ಉಳಿಯಿತು.

ಜನರನ್ನು ಸಾಗಿಸುವ ದಿನ ರಜೆ ಹಾಕಿ, ಬಸ್ಸು ಹತ್ತಿ ತಾಳ್ಯದ ಕಡೆ ಹೋದೆ. ಲಾರಿಗಳಿಂದ ಪಾತ್ರೆ, ಕೋಳಿ, ಮಕ್ಕಳು ಇಳಿಯುತ್ತಿದ್ದವು. ಎಲ್ಲರ ಎದುರಿಗೆ ನಿಂತು ಹೇಳಿದೆ: ಇದು ತಗ್ಗು, ಚಿತ್ರ ಬರೆದವಳು ನಾನು, ತಪ್ಪು ನನ್ನದು, ಮೂಡಲ ದಿಬ್ಬದ ಮೇಲೆ ಮನೆ ಕಟ್ಟಿಕೊಳ್ಳಿ. ಹಿರಿಯ ತಲೆಯಾಡಿಸಿದ. ಅವನ ಮಾತು ಕೇಳುವ ಆರೇಳು ಮನೆಯವರು ಕುರಿ ಹೊಡೆದುಕೊಂಡು ದಿಬ್ಬಕ್ಕೆ ಹೋದರು. ಉಳಿದವರು ಕದಲಲಿಲ್ಲ. ಹಕ್ಕುಪತ್ರ ಇದ್ದದ್ದು ತಗ್ಗಿಗೆ ಮಾತ್ರ. ಹಿರಿಯನ ತಮ್ಮನೂ ಅಲ್ಲೇ ಉಳಿದ. ಅವರ ತಾಯಿ ಕಿರಿಯ ಮಗನನ್ನು ಬಿಟ್ಟು ಬರಲೊಲ್ಲೆ ಅಂದಳು.

"ಕಾಗದ ಇಲ್ದ ಜಾಗದಾಗೆ ಮನೆ ಕಟ್ಟಿ ನಾಳೆ ಯಾರ ಕಾಲು ಹಿಡೀಲಿ? ಹೋಗ್ರಿ ಅಮ್ಮಾ, ಒಂದ್ಸಲ ಹಂಗಂತೀರ, ಒಂದ್ಸಲ ಹಿಂಗಂತೀರ" ಎಂದ ತಮ್ಮ.

ಸುದ್ದಿ ಕಚೇರಿಗೆ ಮುಟ್ಟಿತು. ನಾನು ಖಾಯಂ ಆಗಲಿಲ್ಲ, ಆದರೆ ತೆಗೆದೂ ಹಾಕಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತು. ತಗ್ಗಿನ ಮನೆಗಳು ಒಣಗಿ ಗಟ್ಟಿಯಾದವು, ಹಿತ್ತಲಲ್ಲಿ ಅವರೆ ಬಳ್ಳಿ ಹಬ್ಬಿತು. ದಿಬ್ಬದವರು ತಗ್ಗಿನಿಂದಲೇ ನೀರು ಹೊತ್ತು ಮೇಲೇರುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರು ನನ್ನನ್ನು ಕಂಡರೆ ಸಾಕು, "ಏನಮ್ಮಾ, ನಿಮ್ಮ ಪ್ರಳಯ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ಸಾಹೇಬರೂ ನಗುತ್ತಿದ್ದರು. ಆ ನಗು ನನ್ನನ್ನು ಹಾಳು ಮಾಡಿತು. ದಿನಾ ಬೆಳಿಗ್ಗೆ ತಾಳ್ಯ ಇರುವ ಹೊಳಲ್ಕೆರೆ ದಿಕ್ಕಿನ ಆಕಾಶ ನೋಡುವುದು ಅಭ್ಯಾಸವಾಯಿತು. ಮೊದಮೊದಲು ಹೆದರಿ ನೋಡುತ್ತಿದ್ದೆ. ಬರುಬರುತ್ತಾ ಕಾದು ನೋಡತೊಡಗಿದೆ.

ಮರುವರ್ಷ ಚಿತ್ತೆ ಮಳೆಯಲ್ಲಿ, ಒಂದು ಮಧ್ಯಾಹ್ನ, ಆ ದಿಕ್ಕು ಕಪ್ಪಗಾಯಿತು. ಕಚೇರಿಯಲ್ಲಿ ದೀಪ ಹಾಕಿದರು. ಹಿಂದಿನ ಎರಡು ದಿನವೂ ಅಲ್ಲಿ ಮಳೆ ಸುರಿದಿತ್ತು. ಕಿಟಕಿಯ ಬಳಿ ನಿಂತು ನಾನು "ಬರಲಿ" ಎಂದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಅಂದೆ. ನನಗೆ ಖುಷಿಯಾಗಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಾಲ್ಕು ದಿನದ ಮೇಲೆ ಹಿರಿಯ ಕಚೇರಿಗೆ ಬಂದ. ತಲೆ ಬೋಳಿಸಿದ್ದ. ಮೇಲಿನಿಂದ ನೀರು ಒಮ್ಮೆಗೇ ನುಗ್ಗಿತಂತೆ. ತಗ್ಗಿನ ಮಣ್ಣಿನ ಗೋಡೆಗಳು ಒಂದೂ ಉಳಿದಿರಲಿಲ್ಲ. ಅವನ ತಮ್ಮ ತನ್ನ ಮಕ್ಕಳನ್ನು ದಿಬ್ಬ ಹತ್ತಿಸಿ, ತಾಯಿಯನ್ನು ಕರೆತರಲು ಇಳಿಯುವಷ್ಟರಲ್ಲಿ ಮನೆ ಕುಸಿದಿತ್ತು.

ಸಾಹೇಬರು, ಗುಮಾಸ್ತರು, ನನ್ನನ್ನು ನೋಡಿ ನಗುತ್ತಿದ್ದವರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಹಿರಿಯ ಅವರನ್ನೆಲ್ಲ ದಾಟಿಕೊಂಡು ನೇರ ನನ್ನ ಮೇಜಿನ ಹತ್ತಿರ ಬಂದು ಎರಡೂ ಕೈ ಮುಗಿದ.

"ನೀವೊಬ್ರೇ ಹೇಳಿದ್ರಿ ಅಮ್ಮಾ. ನೀವು ಹೇಳಿದಂಗೇ ಆತು" ಎಂದ.