ಅರ್ಜಿಗೂ ಮೊದಲೇ ಆಡಿದ ಮಾತು

ಆ ಭಾನುವಾರ ಅವಳು ಏನೇನು ಹೇಳಿದಳು ಎಂಬುದನ್ನು ನಾನು ನೆನಪಿಸಿಕೊಂಡು ಬರೆದುಕೊಡಬೇಕಾಗಿತ್ತು. ನನಗೆ ಸ್ಪಷ್ಟವಾಗಿ ನೆನಪಿದ್ದದ್ದು ಪುಳಿಯೋಗರೆ ಸಾಲದೆ ಹೋದದ್ದು, ಹೊರಗೆ ಟ್ರಾಮ್ ಕಿರುಗುಟ್ಟುತ್ತ ತಿರುವು ತೆಗೆದುಕೊಂಡಾಗಲೆಲ್ಲ ಮಾತು ಒಂದು ಕ್ಷಣ ನಿಲ್ಲುತ್ತಿದ್ದದ್ದು, ಮುಂದಿನ ಸಾಲಿನಲ್ಲಿ, ಊರಿನಿಂದ ಬಂದಿದ್ದ ನಮ್ಮ ಅತ್ತೆ ಕೋಟು ಬಿಚ್ಚದೆಯೇ ಕೂತಿದ್ದದ್ದು. ಯಾರಿಗೂ ಬೇಡದ ವಿವರಗಳು ನನ್ನಲ್ಲಿ ಚೆನ್ನಾಗಿ ಉಳಿಯುತ್ತವೆ.

ಯುರೋಪಿನ ದ ಹೇಗ್ ನಗರದಲ್ಲಿ ನಾವೊಂದಿಷ್ಟು ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವೆ. ಊಟಕ್ಕೆ ಮೊದಲು ಯಾರಾದರೊಬ್ಬರು ತಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಬೇಕು. ಊರಿನಿಂದ ಬಂದಿರುವ ಹಿರಿಯರಿಗೆ ಅರ್ಥವಾಗಬೇಕೆಂಬುದೊಂದೇ ಷರತ್ತು. ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಾಕುತ್ತೇವೆ, ಯಾರು ಬೇಕಾದರೂ ಬರಬಹುದು. ಆ ತಿಂಗಳ ಸರದಿ ಅವಳದಾಗಿತ್ತು. ಮೈಸೂರಿನ ಹುಡುಗಿ, ಯುಟ್ರೆಕ್ಟ್‌ನಲ್ಲಿ ವಾಸ. ಎಐ ಚಿಪ್‌ಗಳ ಮೇಲಿನ ಸಂಶೋಧನೆ ಮುಗಿಸಿ, ಗೆಳತಿಯೊಬ್ಬಳ ಜೊತೆ ಸಣ್ಣ ಕಂಪನಿ ತೆರೆಯುವ ತಯಾರಿಯಲ್ಲಿದ್ದಳು.

ಅವಳು ಚಿಪ್ಪನ್ನು ಒಂದು ಪಂಕ್ತಿ ಊಟವಾಗಿ ಮಾಡಿ ತೋರಿಸಿದಳು. ಲೆಕ್ಕ ಮಾಡುವ ಪುಟ್ಟ ಪುಟ್ಟ ಘಟಕಗಳು ಎಲೆಯ ಮುಂದೆ ಕೂತವರು. ಅಂಕಿಗಳು ಅಡುಗೆ, ಅವನ್ನಿಟ್ಟಿರುವ ಜಾಗ ಅಡುಗೆಮನೆ. ಉಣ್ಣುವುದಕ್ಕಿಂತ ಹೊತ್ತು ತರುವುದಕ್ಕೇ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಎಷ್ಟೋ ಜನ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಅನ್ನುತ್ತಾರೆ, ಬಡಿಸುವವನು ಮಾತ್ರ ಅಷ್ಟನ್ನೂ ಹೊತ್ತುಕೊಂಡೇ ಬಂದಿರುತ್ತಾನೆ. ತನ್ನ ಚಿಪ್‌ನಲ್ಲಿ ಅವನು ಅಡುಗೆಮನೆ ಬಿಡುವ ಮೊದಲೇ ಯಾರಿಗೆ ಬೇಡವೆಂದು ಗೊತ್ತಾಗುತ್ತದೆ ಎಂದಳು. ಅದು ಹೇಗೆ ಎಂದು ನಮ್ಮ ಅತ್ತೆ ಎದ್ದು ಕೇಳಿದರು. ಎಲ್ಲರೂ ನಕ್ಕರು. ಇಷ್ಟು ಖಂಡಿತ. ಇಲ್ಲಿಂದ ಮುಂದೆ ನನಗೆ ನನ್ನ ಮೇಲೆ ನಂಬಿಕೆಯಿಲ್ಲ.

ಕೆಲವು ವಾರಗಳ ಮೇಲೆ ಅವಳು ಡೀಮೆನ್‌ನ ನಮ್ಮ ಮನೆಗೆ ಬಂದಳು. ಪೇಟೆಂಟ್ ಅರ್ಜಿ ಬರೆಯುವ ವಕೀಲರು, ಇದನ್ನು ಹೊರಗೆ ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದ್ದರಂತೆ. ಇವಳು ಯೋಚಿಸದೆ ಇಲ್ಲ ಅಂದಿದ್ದಳು. ಸಮ್ಮೇಳನಕ್ಕೆ ಹೋಗಿರಲಿಲ್ಲ, ಎಲ್ಲೂ ಪ್ರಕಟಿಸಿರಲಿಲ್ಲ. ಕನ್ನಡದಲ್ಲಿ ಆಡಿದ್ದು ಹೊರಗೆ ಹೇಳಿದ ಲೆಕ್ಕಕ್ಕೆ ಬರುತ್ತದೆಂದು ಅವಳಿಗೆ ಹೊಳೆದದ್ದೇ ವಾಪಸಾಗುವಾಗ, ರೈಲಿನಲ್ಲಿ. ಮತ್ತೆ ಫೋನ್ ಮಾಡಿದಳು. ಅವರು ಸಮಾಧಾನವಾಗಿಯೇ ಹೇಳಿದರಂತೆ: ಯುರೋಪಿನಲ್ಲಿ ಅರ್ಜಿ ಹಾಕುವ ಮೊದಲು ಸಾರ್ವಜನಿಕವಾಗಿ ಒಮ್ಮೆ ಹೇಳಿದರೂ ಸಾಕು, ಬರೀ ಬಾಯಿಮಾತಾದರೂ ಸರಿ, ಯಾವ ಭಾಷೆಯಾದರೂ ಸರಿ, ಹೇಳಿದಷ್ಟು ಹೊಸತಾಗಿ ಉಳಿಯುವುದಿಲ್ಲ, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಕೇಳಿದವರಿಗೆ ಏನು ನೆನಪಿದೆಯೆಂದು ವಿಚಾರಿಸಿ ಬರೆಸಿಕೊಳ್ಳಿ, ಆದರೆ ಸುಳಿವು ಕೊಡಬೇಡಿ.

ಪೇಟೆಂಟ್ ಅರ್ಜಿ ಗಟ್ಟಿಯಿಲ್ಲದಿದ್ದರೆ ಕಂಪನಿಗೆ ಹಣ ಹಾಕುವವರು ಬರುವುದಿಲ್ಲ. ಆಗ ಅವಳು ಯಾರದೋ ಕಂಪನಿಯಲ್ಲಿ ಯಾರದೋ ಚಿಪ್ ಪರೀಕ್ಷೆ ಮಾಡುತ್ತ ಕೂರಬೇಕು. ಆ ಗಾಬರಿಯಲ್ಲಿ ಚಪ್ಪಲಿ ಬಿಡುವ ಮೊದಲೇ ಸುಳಿವು ಕೊಟ್ಟುಬಿಟ್ಟಳು.

"ಅಕ್ಕ, ಮೊಣಕೈ ವಿಷಯ ಹೇಳಿದ್ನಾ ನಾನು? ಬೇಡ ಅಂತಿದ್ರೆ ಪಕ್ಕದವ್ರ ಮೊಣಕೈ ತಟ್ಟೋದು, ಅವ್ರು ತಮ್ಮದೂ ಸೇರ್ಸಿ ಆಚೆಯವ್ರಿಗೆ ದಾಟ್ಸೋದು, ಹಾಗೇ ಅಡುಗೆಮನೆ ತನಕ?"

ಕೇಳುತ್ತಿದ್ದಂತೆ ನನಗೆ ನೆನಪು ಬಂತು. ಅವಳ ಕೈ ಗಾಳಿಯಲ್ಲಿ ಯಾರದೋ ಮೊಣಕೈ ತಟ್ಟಿದ್ದು, ಅತ್ತೆ ತಲೆಯಾಡಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ಆದರೆ ಆ ಚಿತ್ರದಲ್ಲಿ ಅವಳು ಹಾಕಿದ್ದದ್ದು ಹಸಿರು ಸ್ವೆಟರ್. ಈಗ ನಮ್ಮ ಬಾಗಿಲಲ್ಲಿ ಹಾಕಿಕೊಂಡು ನಿಂತಿದ್ದಳಲ್ಲ, ಅದೇ. ಅವತ್ತು ಅವಳು ಸೀರೆ ಉಟ್ಟಿದ್ದಳು.

ನಾನು ಓದಿದ್ದು ಇತಿಹಾಸ. ಸಾಕ್ಷಿಗೆ ಉತ್ತರವನ್ನೇ ಪ್ರಶ್ನೆ ಮಾಡಿ ಕೊಡಬಾರದೆಂದು ಕಲಿತಿದ್ದೆ. ಅದರಿಂದ ಆಗ ಯಾವ ಪ್ರಯೋಜನವೂ ಆಗಲಿಲ್ಲ. ನಾನು ಹೌದು ಅಂದರೂ ಅದು ನನ್ನ ನೆನಪಲ್ಲ, ನೀನು ಈಗ ಕೊಟ್ಟದ್ದು ಎಂದೆ.

"ಹಾಗಾದ್ರೆ ಇಲ್ಲ ಅಂತ ಬರೀತೀರಾ?"

ಬರೆಯಬೇಕೆಂದು ನನಗೂ ಆಸೆಯಾಯಿತು. ರೆಕಾರ್ಡಿಂಗ್ ಇರಲಿಲ್ಲ. ಒಂದು ಮಧ್ಯಾಹ್ನ ಇಪ್ಪತ್ತು ಜನ ಕನ್ನಡದಲ್ಲಿ ಏನು ಕೇಳಿದರೆಂದು ಯಾರು ಕೆದಕುತ್ತಾರೆ? ಅವಳೇ ತಲೆ ಅಲ್ಲಾಡಿಸಿದಳು. ಚಿಪ್ ಗೆದ್ದರೆ ಪೇಟೆಂಟನ್ನು ಮುರಿಯಲು ದೊಡ್ಡ ಕಂಪನಿಯವರು ಬರುತ್ತಾರೆ, ಆಗ ಒಬ್ಬರು ಎದ್ದು ನಾನು ಕೇಳಿದ್ದೆ ಅಂದರೆ ಸಾಕು ಎಂದಳು.

ಅವತ್ತು ಪ್ರಶ್ನೆ ಕೇಳಿದ್ದ ಅತ್ತೆಯನ್ನೇ ಕೇಳೋಣ ಎಂದು, ಅವರು ಮರಳಿದ್ದ ಧಾರವಾಡಕ್ಕೆ ವಿಡಿಯೊ ಕರೆ ಮಾಡಿದೆವು. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅರ್ಧ ಉತ್ತರಕ್ಕೆ ಯಾವತ್ತೂ ಒಪ್ಪಿದವರಲ್ಲ. ನೀನು ಬಾಯಿ ಬಿಡಬೇಡ ಎಂದು ಅವಳಿಗೆ ಹೇಳಿ, ಆ ದಿನದ ಭಾಷಣದಲ್ಲಿ ನಿಮಗೇನು ನೆನಪಿದೆ ಎಂದಷ್ಟೇ ಕೇಳಿದೆ.

"ಅಯ್ಯ, ಅದನ್ನ ಮರೀತೇನೇನು? ನಾ ಕೇಳಿದ್ನಲ್ಲ, ಬಡಸಾಂವಗ ಮೊದ್ಲ ಹೆಂಗ ಗೊತ್ತಾಗ್ತದ ಅಂತ. ಎಲ್ಲಾರೂ ನಕ್ಕರು. ನನಗ ಸಿಟ್ಟು ಬಂತು." ಅತ್ತೆ ಫೋನನ್ನು ಯಾವುದಕ್ಕೋ ಒರಗಿಸಿ ಎರಡೂ ಕೈ ಬಿಡಿಸಿಕೊಂಡರು. "ಆಮ್ಯಾಲೆ ಈ ಹುಡುಗಿ ನನ್ನ ಕಡೆ ಬಂದು ಮೊಳಕೈ ತಟ್ಟಿ ತೋರ್ಸಿದಳು. ಒಬ್ಬರಿಂದ ಒಬ್ಬರಿಗೆ, ತಮ್ಮ ಲೆಕ್ಕ ಸೇರಿಸ್ಕೋತ ಸುದ್ದಿ ಮುಂದ ಮುಂದ ಹೋಗ್ತದ. ಎಷ್ಟು ಬೇಕೋ ಅಷ್ಟ ಒಳಗಿಂದ ಬರ್ತದ. ಭಾಳ ಚಂದ ಹೇಳಿದಿ ತಂಗಿ. ನಮ್ಮ ಭಜನಾ ಮಂಡಳಕ್ಕೆಲ್ಲ ಹೇಳೇನಿ ನಾ."

ಅವಳು ಹಣೆ ಹಿಡಿದುಕೊಂಡು ನಗತೊಡಗಿದಳು. ನಗು ಸ್ವಲ್ಪ ಹೊತ್ತಿನಲ್ಲೇ ಬೇರೆಯಾಯಿತು, ಕಣ್ಣು ಒರೆಸಿಕೊಂಡಳು. ವರ್ಷಗಟ್ಟಲೆ ಮಾಡಿದ ಕೆಲಸ ಮನೆಯವರಿಗೇ ತಿಳಿಯುವುದಿಲ್ಲವೆಂದು ಕೊರಗುತ್ತಿದ್ದವಳು. ಈಗ ಒಬ್ಬರು ಒಂದು ಹೆಜ್ಜೆಯನ್ನೂ ತಪ್ಪಿಸದೆ ಅದನ್ನು ಅವಳಿಗೇ ಹೇಳಿ ತೋರಿಸುತ್ತಿದ್ದರು. ಅಷ್ಟು ಚೆನ್ನಾಗಿ ಅರ್ಥವಾಗಿದ್ದೇ ತೊಂದರೆಯಾಗಿತ್ತು. ಏನು ತಪ್ಪಾತು ಎಂದು ಅತ್ತೆ ಗಾಬರಿಯಾದರು. ನಿಮ್ಮದೇನೂ ಇಲ್ಲ ಅಮ್ಮ, ಎಂದು ಅವಳು ಪೇಟೆಂಟಿನ ಕಥೆಯನ್ನು ಮೊದಲಿಂದ ಹೇಳಿದಳು.

ವಕೀಲರಿಗೆ ಎಲ್ಲವನ್ನೂ ತಿಳಿಸಿದಳು. ಮೊಣಕೈ ತಟ್ಟುವುದು, ಎಂದರೆ ಬೇಡವೆಂಬ ಸುದ್ದಿ ಮುಂಚಿತವಾಗಿ ಸಾಗುವುದು, ಅದನ್ನು ತನ್ನದೆಂದು ಕೇಳುವ ಹಾಗಿರಲಿಲ್ಲ. ಆದರೆ ಎರಡು ಸುದ್ದಿಗಳು ಒಂದೇ ಗಳಿಗೆಯಲ್ಲಿ ಎದುರಾದರೆ ಅವು ಕಲಸಿಹೋಗದಂತೆ ಕಾಯುವ ಸರ್ಕ್ಯೂಟ್ ಉಳಿದಿತ್ತು. ಪಂಕ್ತಿ ಊಟದಲ್ಲಿ ಅದಕ್ಕೆ ಹೋಲಿಕೆ ಸಿಗದೆ ಅವತ್ತು ಅವಳು ಅದನ್ನು ಬಿಟ್ಟಿದ್ದಳು. ಅರ್ಜಿ ಹಾಕಿದ್ದು ಅಷ್ಟಕ್ಕೇ. ಹೊಲಕ್ಕೆಲ್ಲ ಹಾಕಬೇಕೆಂದಿದ್ದ ಬೇಲಿ ಹಿತ್ತಲಿಗೆ ಬಂತು. ಹಣ ಹಾಕುತ್ತೇವೆಂದಿದ್ದವರಲ್ಲಿ ಒಬ್ಬರು ಹಿಂದೆ ಸರಿದರು, ಒಬ್ಬರು ಉಳಿದರು. ಅಂದುಕೊಂಡದ್ದಕ್ಕಿಂತ ಚಿಕ್ಕ ಕಂಪನಿಯಾಗಿ ಅದು ಯುಟ್ರೆಕ್ಟ್‌ನಲ್ಲಿ ನಡೆಯುತ್ತಿದೆ.

ಅವಳು ಅತ್ತೆಯ ಹತ್ತಿರ ಬಂದು ತಟ್ಟಿ ತೋರಿಸಿದ್ದು ನನಗೆ ಇವತ್ತಿಗೂ ಕಾಣುತ್ತದೆ. ಹಸಿರು ಸ್ವೆಟರಿನಲ್ಲೇ ಕಾಣುತ್ತದೆ. ನನ್ನ ಹೇಳಿಕೆಯಲ್ಲಿ ನಾನು ಬರೆದದ್ದು ಪ್ರಶ್ನೆ ಕೇಳಿದ್ದು ಮತ್ತು ಜನ ನಕ್ಕದ್ದು, ಅಷ್ಟೇ.

ಮೊನ್ನೆ ಅವಳು ಬಂದಿದ್ದಾಗ ಅತ್ತೆಯ ಫೋನ್ ಬಂತು. ಈಗ ಹೊಸದೇನು ಮಾಡಾಕತ್ತೀ ಎಂದು ವಿಚಾರಿಸಿದರು. ಅವಳು ನನ್ನ ಮುಖ ನೋಡಿದಳು.

"ಅರ್ಜಿ ಹಾಕಿದ್ಮೇಲೆ ಹೇಳ್ತೀನಿ ಅಮ್ಮ. ಮೊದ್ಲು ನಿಮಗೇ ಹೇಳೋದು."

"ಆತು, ನಾ ಕೇಳಂಗಿಲ್ಲ," ಎಂದರು ಅತ್ತೆ. "ಆದ್ರ ಕೂತಲ್ಲೇ ನನಗ ಹೊಳೀತಂದ್ರ, ಅದು ನನ್ನ ತಪ್ಪಲ್ಲ ನೋಡು."