ಅತ್ತೆಯವರು ಒರಗುತ್ತಿದ್ದ ಗೋಡೆ

ಹಳೆಯ ವಾಲ್‌ಪೇಪರಿಗೆ ಬಿಸಿನೀರು ಹಾಕಿದರೆ ಎಂಥ ವಾಸನೆ ಬರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಮೂರು ದಿನ ಮರೆತಿಟ್ಟ ಗಂಜಿಯ ಹುಳಿ ವಾಸನೆ. ಮೊನ್ನೆ ನಮ್ಮ ನವನಗರದ ಮನೆಗೆ ಬಣ್ಣ ಹಚ್ಚಿಸಲು ಹೊರಟಾಗ ನನಗೂ ಹೊಸದಾಗಿ ಗೊತ್ತಾಯಿತು. ರಾಯಾಪುರದಿಂದ ಬಂದ ಪೇಂಟರ್ ದಾವಲಣ್ಣ ಮೇಲಿನ ಪ್ಲಾಸ್ಟಿಕ್ ಪದರ ಸುಲಿದು, ಒಳಗಿನ ಕಾಗದ ನೆನೆಸಿ, ಅಂಟು ಸಡಿಲಾಗುವವರೆಗೆ ಕಾದು, ಮೆಲ್ಲಗೆ ಕೆರೆದು ತೆಗೆಯುತ್ತಿದ್ದರು. ಕಾಯುವುದು ನನ್ನ ಜಾಯಮಾನವಲ್ಲ. ಒಂದು ಮೂಲೆ ಹಿಡಿದು ಸರ್ರನೆ ಎಳೆದೆ. ಕಾಗದದ ಜೊತೆ ಗೋಡೆಯ ಅಂಗೈಯಗಲ ಗಿಲಾವೂ ಕಿತ್ತು ಬಂತು.

"ಅಕ್ಕಾರ, ನೀವು ಚಹಾ ಮಾಡ್ರಿ," ಎಂದರು ದಾವಲಣ್ಣ. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ.

ಚಹಾ ತರುವಷ್ಟರಲ್ಲಿ ಕಿಟಕಿಯ ಪಕ್ಕದ ಗೋಡೆ ಬಯಲಾಗಿತ್ತು. ಕುಳಿತವರ ತಲೆಯ ಎತ್ತರಕ್ಕೆ ತಟ್ಟೆಯಗಲದ ಒಂದು ಕಂದು ಕಲೆ. ಮೂಗು ಹತ್ತಿರ ಒಯ್ದರೆ ಔಡಲೆಣ್ಣೆ.

ಅದು ನಮ್ಮ ಅತ್ತೆಯವರ ತಲೆಯ ಗುರುತು. ನಮ್ಮ ಕಡೆ ಹಿರಿಯರಿದ್ದ ಮನೆಗಳಲ್ಲಿ ಇಂಥ ಕಲೆ ನೋಡಿಯೇ ಯಾರ ಜಾಗ ಯಾವುದೆಂದು ಹೇಳಬಹುದು. ನನ್ನ ತವರಿನಲ್ಲಿ ಅಜ್ಜನ ಕಲೆಯಿತ್ತು. ಅಜ್ಜ ಬೇರೆ ಊರಿಗೆ ಹೋದಾಗಲೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದಾಗ ಅತ್ತೆ ದಿನಾ ಮಧ್ಯಾಹ್ನ ಈ ಗೋಡೆಗೆ ಒರಗಿ, ಕಾಲು ಚಾಚಿ ಬತ್ತಿ ಹೊಸೆಯುತ್ತಿದ್ದರು. ಎಣ್ಣೆ ಹಚ್ಚದ ತಲೆಯನ್ನು ಅವರು ತಲೆಯೆಂದೇ ಒಪ್ಪುವವರಲ್ಲ. ಶಾಂಪೂ ಹಾಕಿದ ನನ್ನ ಕೂದಲು ನೋಡಿ, "ಏನವಾ ಇದು, ಜ್ವಾಳದ ಒಣಾ ಕಣಿಕಿ ಆಗೇತಲ್ಲ," ಎಂದು ಕನಿಕರಪಡುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯ ಗೆಳತಿಯ ಮನೆಯಲ್ಲಿ ಬೆಳ್ಳಿ ಬಳ್ಳಿಗಳ ವಾಲ್‌ಪೇಪರ್ ನೋಡಿ ಬಂದೆ ನೋಡಿ, ಅವತ್ತಿನಿಂದ ಈ ಕಲೆ ನನ್ನ ಕಣ್ಣು ಚುಚ್ಚತೊಡಗಿತು. ಹಟ ಹಿಡಿದು ಅಂಥದೇ ತಂದು ಅಂಟಿಸಿದೆ. ಇಲ್ಲಿ ಒರಗಬೇಡಿ ಎಂದು ಅತ್ತೆಯವರಿಗೆ ನಾನು ಅಂದಿಲ್ಲ, ದೇವರಾಣೆ. ಅಂಟಿಸಲು ಬಂದವನನ್ನು ಒಂದು ಪ್ರಶ್ನೆ ಕೇಳಿದೆ, ಅಷ್ಟೇ. "ಇದಕ್ಕ ಎಣ್ಣಿ ಹತ್ತಿದ್ರ ಹೋಗತೈತೇನ್ರಿ?" ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ.

ಮರುದಿನದಿಂದ ಅತ್ತೆ ಪಡಸಾಲೆಯ ನಟ್ಟನಡುವೆ ಚಾಪೆ ಹಾಸಿಕೊಂಡು ಕುಳಿತರು. ಹಿಂದೆ ಏನೂ ಆಸರೆಯಿಲ್ಲ. ಬಂದವರಿಗೆಲ್ಲ ನಾನು ಹೇಳಿದ್ದೇ ಹೇಳಿದ್ದು: "ನಮ್ಮ ಅತ್ತಿ ಬೆನ್ನ ನೋಡ್ರಿ, ಈ ವಯಸ್ಸಿನ್ಯಾಗೂ ಎಷ್ಟ ನೆಟ್ಟಗ ಐತಿ!" ಅತ್ತೆ ಸುಮ್ಮನೆ ನಗುತ್ತಿದ್ದರು. ಬೆನ್ನು ನೋವೆಂದಾಗ, ವಯಸ್ಸಾಯಿತಲ್ಲ ಎಂದುಕೊಂಡು ಮುಲಾಮು ತಂದುಕೊಡುತ್ತಿದ್ದೆ.

"ಒಂದ ಕಲಿ ಇಲ್ಲ ನೋಡ್ರಿ. ಭಾಳ ಛಲೋ ಇಟ್ಟೀರಿ," ಎಂದು ದಾವಲಣ್ಣ ಸುಲಿದ ಪದರವನ್ನು ಎತ್ತಿ ತೋರಿಸಿದರು. ಪಾಪ, ಹೊಗಳಲೆಂದೇ ಅಂದದ್ದು. ಆ ಕಲೆಯ ಮೇಲೆಯೇ ಇದ್ದ ತುಂಡು ಅದು. ಬೆಳ್ಳಿ ಬಳ್ಳಿ ಹೊಸದರಂತೆ ಹೊಳೆಯುತ್ತಿತ್ತು. ಅಂದರೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ, ನಾವ್ಯಾರೂ ಮನೆಯಲ್ಲಿ ಇಲ್ಲದಾಗಲೂ, ಅತ್ತೆ ಅಲ್ಲಿ ತಲೆ ಆನಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಚಹಾದ ಲೋಟ ಕೊಟ್ಟು ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಎಣ್ಣೆಯ ಕಲೆಯನ್ನು ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ತೊಳೆದು ಪ್ರೈಮರ್ ಹೊಡೆಯದಿದ್ದರೆ ಎಷ್ಟು ಬಣ್ಣ ಬಳಿದರೂ ಅದು ಮೇಲೇಳುತ್ತದಂತೆ. ಹಾಗೆಂದು ಹೇಳಿ ದಾವಲಣ್ಣ ಊಟಕ್ಕೆ ಹೋದರು. ಆಗ, ಧೂಳಿಗೆಂದು ಬೆಳಗಿನಿಂದ ಒಳಗೇ ಇದ್ದ ಅತ್ತೆ ತಮ್ಮ ಕೋಣೆಯಿಂದ ಹೊರಗೆ ಬಂದು, "ಅಯ್ಯ, ಇನ್ನೂ ಐತಲ್ಲಾ ಇದು!" ಎಂದು ಕಲೆ ನೋಡಿ ನಕ್ಕರು.

"ಅತ್ತಿ, ನೀವು ಇಲ್ಲಿ ಮತ್ತ ಯಾಕ ಕುಂಡರಲೇ ಇಲ್ರಿ?"

"ನೀ ಆಸೆಪಟ್ಟ ಹಚ್ಚಿಸಿದ ಗ್ವಾಡಿ. ನಂದೊಂದ ಎಣ್ಣಿ ತಲಿ."

"ಆಸರಿ ಇಲ್ಲದ್ದಕ್ಕ ಬೆನ್ನ ನೋಯತೈತಿ ಅಂತ ನನಗರೆ ಹೇಳಬಾರದಿತ್ತನ್ರಿ?"

"ಕುಂಡರಬ್ಯಾಡ್ರಿ ಅಂತ ನೀನೂ ಬಾಯಿಬಿಟ್ಟ ಹೇಳಲಿಲ್ಲಲ್ಲವಾ. ಹೇಳಿದ್ರ ಒಂದ ದಿನಾ ಜಗಳಾ ಆಡಿ, ಮರುದಿನಾ ಬಂದ ಕುಂಡರತಿದ್ದೆ."

"ತಪ್ಪಾತ್ರಿ ಅತ್ತಿ," ಎಂದೆ. ಗೋಡೆಯ ಬುಡದ ಕಾಗದದ ಚೂರುಗಳನ್ನು ಕೈಯಿಂದ ಸರಿಸಿ ಒಂದು ಗೋಣಿಚೀಲ ಹಾಸಿದೆ.

"ಮೈಯೆಲ್ಲ ಧೂಳ ಆಗತೈತಿ, ಬಿಡವಾ."

"ಆಗಲಿ. ಕುಂಡರ್ರಿ."

ಅತ್ತೆ ನನ್ನ ಕೈ ಹಿಡಿದು ಮೆಲ್ಲಗೆ ಕೆಳಗಿಳಿದರು. ಮೊದಲು ಬೆನ್ನು ಆನಿಸಿದರು. ಸ್ವಲ್ಪ ಹೊತ್ತು ಅನುಮಾನಿಸಿ ತಲೆಯನ್ನೂ ಆನಿಸಿದರು. ಕಾಲು ಚಾಚಿ, ಕಣ್ಣು ಮುಚ್ಚಿ, "ಶಿವನ," ಎಂದು ಉದ್ದಕ್ಕೆ ಉಸಿರು ಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತೆ.

ಊಟ ಮುಗಿಸಿ ಬಂದ ದಾವಲಣ್ಣ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು. "ಅಕ್ಕಾರ, ಈ ಗ್ವಾಡಿಗೆ ಬಿಳೇ ಬಣ್ಣ ಅಂದಿದ್ರಿ. ಅದನ್ನ ತರ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಣ್ಣು ಬಿಡದೆ ಹೇಳಿದರು: "ಬಿಳೇದ ಬ್ಯಾಡೋ ಯಪ್ಪಾ. ನಾ ಇಲ್ಲೇ ಕುಂಡರಾಕಿ."